ನಾಲ್ಕನೆಯ ಗುರುವಾರದ ಫೋನು

ದಾವಣಗೆರೆ,
ಎರಡನೇ ಬೇಸಿಗೆಯ ಮೂವತ್ತೇಳನೆಯ ದಿನ, 2171

ಪುಷ್ಪಲತಾ ಮೇಡಂ ಅವರಿಗೆ ನಮಸ್ಕಾರ.

ಮೇಲಿನ ತಾರೀಖು ನೋಡಿ ಯಾರೋ ತಮಾಷೆ ಮಾಡುತ್ತಿದ್ದಾರೆ ಅಂದುಕೊಳ್ಳಬೇಡಿ. ನಮ್ಮಲ್ಲಿ ಈಗ ವರ್ಷಕ್ಕೆ ಎರಡು ಬೇಸಿಗೆ. ತಿಂಗಳುಗಳ ಹೆಸರು ಹಬ್ಬ ಲೆಕ್ಕ ಹಾಕುವಾಗ ಮಾತ್ರ ನೆನಪಾಗುತ್ತದೆ. ನನ್ನ ಕನ್ನಡ ಅಲ್ಲಲ್ಲಿ ವಿಚಿತ್ರವಾಗಿ ಕಂಡರೆ ಕ್ಷಮಿಸಿ, ನಿಮ್ಮ ಕಾಲದ ಬರಹವನ್ನು ನಾನು ಕಲಿತದ್ದೇ ನಿಮ್ಮ ಸಹಾಯವಾಣಿಯ ರಿಜಿಸ್ಟರು ಓದಿ. ನಿಮ್ಮನ್ನು ಏನೆಂದು ಕರೆಯಬೇಕು ಎಂಬುದೂ ದೊಡ್ಡ ಪೇಚಾಟವಾಯಿತು. ರಿಜಿಸ್ಟರಿನ ಮೊದಲ ಪುಟದ ಪ್ರಕಾರ ನಿಮಗೆ ಇಪ್ಪತ್ತೇಳು, ನನಗೆ ಐವತ್ತೊಂದು. ಹಾಗೆಂದು ತಂಗಿ ಎನ್ನೋಣವೆಂದರೆ ನೀವು ನನಗಿಂತ ನೂರಿಪ್ಪತ್ತೊಂದು ವರ್ಷ ದೊಡ್ಡವರು. ಕೊನೆಗೆ, ನಿಮಗೆ ಫೋನ್ ಮಾಡುತ್ತಿದ್ದ ಕೊಟ್ರೇಶಣ್ಣ ಕರೆದ ಹಾಗೆ ಮೇಡಂ ಎಂದೇ ಬರೆಯುತ್ತಿದ್ದೇನೆ. ಈ ಕಾಗದ ಅವರ ವಿಷಯಕ್ಕೇ.

ನಾನು ಇಲ್ಲಿನ ಸುಮ್ಮನೆಮನೆಯಲ್ಲಿ ಹತ್ತೊಂಬತ್ತು ವರ್ಷದಿಂದ ಕದದವಳು. ಸುಮ್ಮನೆಮನೆ ಎಂದರೆ ಯಾರೂ ಮಾತಾಡದ ಮನೆ ಅಲ್ಲ, ಯಾರು ಬೇಕಾದರೂ ಸುಮ್ಮನೆ ಬರಬಹುದಾದ ಮನೆ. ನೀವು ಆಪ್ತಸಮಾಲೋಚನೆ ಎನ್ನುತ್ತಿದ್ದುದನ್ನು ನಾವು ಜತೆಮಾತು ಎನ್ನುತ್ತೇವೆ. ಅದನ್ನು ಐದು ವರ್ಷ ಓದಿ ಬಂದ ಜತೆಗಾರರು ಒಳಕೋಣೆಗಳಲ್ಲಿ ಕೂರುತ್ತಾರೆ. ಬಂದವರನ್ನು ಅವರ ತನಕ ಮುಟ್ಟಿಸುವುದು ಕದದವಳ ಕೆಲಸ. ಆತಂಕದಿಂದ ಎದೆ ಹೊಡೆದುಕೊಳ್ಳುವವರಿಗೂ, ಖಿನ್ನತೆಯಿಂದ ಯಾವುದರಲ್ಲೂ ಮನಸ್ಸಿಲ್ಲದವರಿಗೂ ಒಂದೇ ಬಾಗಿಲು. ಚೀಟಿ ಬೇಡ, ಮನೆಯವರ ಸಹಿ ಬೇಡ. ಬಂದ ದಿನವೇ ಮೊದಲ ಮಾತು, ಆಮೇಲೆ ವಾರಕ್ಕೊಮ್ಮೆ, ಸಾಕು ಅನ್ನಿಸುವ ತನಕ. ಹಾಸಿಗೆಯಿಂದ ಏಳಲಾಗದವರ ಮನೆಗೆ ಜತೆಗಾರರೇ ಹೋಗುತ್ತಾರೆ.

ಸುಮ್ಮನೆಮನೆ ಯಾವಾಗಲೂ ಹಿಟ್ಟಿನ ಗಿರಣಿಗೆ ಅಂಟಿಕೊಂಡೇ ಇರುತ್ತದೆ. ನಿಮ್ಮ ಕಾಲದಲ್ಲಿ ಇಂಥ ಕಡೆ ಬರುವವರು ಸ್ಕೂಟರನ್ನು ಎರಡು ಬೀದಿ ಆಚೆ ನಿಲ್ಲಿಸಿ, ಮುಖಕ್ಕೆ ಕರ್ಚೀಫು ಕಟ್ಟಿಕೊಂಡು ಬರುತ್ತಿದ್ದರಂತೆ. ಈಗ ಕೈಯಲ್ಲೊಂದು ಜೋಳದ ಚೀಲ ಹಿಡಿದರೆ ಸಾಕು, ಗಿರಣಿಗೆ ಹೊರಟರು ಅಂತ ಎಲ್ಲರೂ ತಿಳಿಯುತ್ತಾರೆ. ನಿಜ ಹೇಳಬೇಕೆಂದರೆ ಈಗ ಯಾರಿಗೂ ಅಷ್ಟು ನಾಚಿಕೆ ಉಳಿದಿಲ್ಲ, ಆದರೂ ಚೀಲ ಹಿಡಿದು ಬರುವ ಅಭ್ಯಾಸ ಹೋಗಿಲ್ಲ. ಒಬ್ಬರು ಅದೇ ಎರಡು ಸೇರು ಜೋಳವನ್ನು ಇಡೀ ವರ್ಷ ಹೊತ್ತು ತಂದರು, ಹುಳ ಬಿದ್ದ ಮೇಲೆ ನಾವೇ ಬದಲಿಸಿ ಕೊಟ್ಟೆವು. ಹನ್ನೊಂದರಿಂದ ನಾಲ್ಕರ ತನಕ ನೆರಳುಹೊತ್ತು, ಅಂದರೆ ಬಿಸಿಲಿಗೆ ಹೆದರಿ ಊರಿಗೆ ಊರೇ ಒಳಗಿರುವ ಸಮಯ. ಅದಕ್ಕೆ ಮುಂಚೆ ಬಂದವರು ಬೇಕೆಂದರೂ ಎದ್ದು ಹೋಗುವ ಹಾಗಿಲ್ಲ, ಅದೂ ಒಳ್ಳೆಯದೇ ಆಗಿದೆ.

ಹೊರಕೋಣೆಯ ಮೇಜಿನ ಮೇಲೆ ಒಂದು ತಟ್ಟೆ ಮಂಡಕ್ಕಿ ತಪ್ಪುವುದಿಲ್ಲ. ಅದನ್ನು ಹುರಿಯುವ ಭಟ್ಟಿಗಳು ಈಗ ಬಿಸಿಲಿನಿಂದಲೇ ನಡೆಯುತ್ತವೆ, ಹೊಗೆ ಇಲ್ಲ, ರುಚಿಯೂ ಕೊಂಚ ಕಡಿಮೆ ಎನ್ನುತ್ತಾರೆ ಹಿರಿಯರು. ಕೈಗೆ ಏನಾದರೂ ಸಿಕ್ಕಿದರೆ ಬಾಯಿ ಬಿಡುವುದು ಸುಲಭ. ಅದರಲ್ಲೂ ಶೇಂಗಾ ಮಾತ್ರ ಆರಿಸಿ ತಿನ್ನುವವರು ಮಾತಿಗೆ ಬರಲು ಅರ್ಧ ಗಂಟೆಯಾದರೂ ಬೇಕು ಎಂಬುದು ನನ್ನ ಅನುಭವ. ಕದದವಳು ಕೇಳಬಹುದಾದ ಪ್ರಶ್ನೆ ಎರಡೇ. “ಊಟ ಆಯ್ತಾ?” ಒಂದು, “ನಿದ್ದೆ ಹೆಂಗೆ ಬರ್ತದೆ?” ಇನ್ನೊಂದು. ನಿಮ್ಮ ತೊಂದರೆ ಏನು ಎಂದು ಕೇಳುವಂತೆಯೇ ಇಲ್ಲ. ಹಾಗೆ ಕೇಳಿದರೆ ನಮ್ಮ ಜನ ಕೊಡುವ ಉತ್ತರ ನಿಮಗೂ ಗೊತ್ತು: “ಏನಿಲ್ಲ, ಸುಮ್ನೆ ಬಂದೆ.” ಅದಕ್ಕೇ ನಮ್ಮಲ್ಲಿ ಮೊದಲ ನಿಯಮ, ಸುಮ್ನೆ ಬಂದೆ ಎಂದವರನ್ನು ಎಲ್ಲರಿಗಿಂತ ಮುಂಚೆ ಒಳಗೆ ಕಳಿಸಬೇಕು. ಈ ನಿಯಮ ಯಾರು ಮಾಡಿದ್ದು ಎಂದು ಯಾರಿಗೂ ಗೊತ್ತಿಲ್ಲ.

ಕಳೆದ ವರ್ಷ ಹಳೆಯ ಬೀರು ಖಾಲಿ ಮಾಡುವಾಗ ನೀವು ಕೂತಿದ್ದ ಸಹಾಯವಾಣಿಯ ರಿಜಿಸ್ಟರು ನನ್ನ ಕೈಗೆ ಸಿಕ್ಕಿತು. 2026ರ ಆಗಸ್ಟ್ ಆರು, ಗುರುವಾರ, ಬೆಳಿಗ್ಗೆ ಹನ್ನೊಂದು. ಹೆಸರು ಕೊಟ್ರೇಶ, ವಯಸ್ಸು ಮೂವತ್ತೆಂಟು, ಕೆಲಸ ಮಂಡಕ್ಕಿ ಭಟ್ಟಿ. ತೊಂದರೆ ಎಂಬ ಕಾಲಮ್ಮಿನಲ್ಲಿ ಅವರಾಡಿದ ಮಾತನ್ನೇ ಬರೆದಿದ್ದೀರಿ: “ಏನಿಲ್ರಿ ಮೇಡಂ, ಸುಮ್ನೆ ಮಾಡಿದ್ದೆ.” ಎರಡು ನಿಮಿಷ. ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ, ತೊಂದರೆ ಇಲ್ಲ, ಮುಕ್ತಾಯ. ಹದಿಮೂರರಂದು ಅದೇ ಹೊತ್ತು, ಅದೇ ಮಾತು, ನಾಲ್ಕು ನಿಮಿಷ, ಮುಕ್ತಾಯ. ಇಪ್ಪತ್ತರಂದು ಒಂಬತ್ತು ನಿಮಿಷ. ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಹೀಗಿದೆ: ಮಾತಿಲ್ಲ, ಭಟ್ಟಿಯ ಸದ್ದು ಮಾತ್ರ, ಕೊನೆಗೆ “ನಿಮಗೆ ಸುಮ್ನೆ ತೊಂದ್ರೆ ಕೊಟ್ಟೆ” ಅಂದರು. ಮತ್ತೆ ಕೆಂಪು ಶಾಯಿ. ಇಪ್ಪತ್ತೇಳನೆಯ ತಾರೀಖಿನಿಂದ ಮುಂದಕ್ಕೆ ಎಲ್ಲ ಪುಟಗಳನ್ನೂ ಗೆದ್ದಲು ತಿಂದಿದೆ. ಕೊಟ್ರೇಶಣ್ಣ ನಾಲ್ಕನೆಯ ಸಲ ಫೋನ್ ಮಾಡಿದರೋ, ಸಮಾಲೋಚಕರ ಎದುರು ಒಂದು ದಿನವಾದರೂ ಕೂತರೋ, ಅಥವಾ ಅಲ್ಲಿಗೇ ಕೈ ಬಿಟ್ಟರೋ, ತಿಳಿಯುವ ದಾರಿಯೇ ಇಲ್ಲ. ಒಂದು ವರ್ಷದಿಂದ ನನಗೆ ಇದೇ ಚಿಂತೆ.

ನಿಮ್ಮನ್ನು ದೂರಲು ಬರೆಯುತ್ತಿಲ್ಲ ಮೇಡಂ. ಮೂರು ಫೋನು ಒಟ್ಟಿಗೆ ಬಡಿದುಕೊಳ್ಳುತ್ತಿದ್ದವು, ಆ ಕಾಲಮ್ಮಿನಲ್ಲಿ ಬರೆಯಲು ಇದ್ದ ಜಾಗ ಎರಡು ಬೆರಳು. ಬೇರೆ ಯಾರಾದರೂ ಆಗಿದ್ದರೆ ಒಂಬತ್ತು ನಿಮಿಷ ಭಟ್ಟಿಯ ಸದ್ದು ಕೇಳುತ್ತ ಕೂರುತ್ತಿರಲಿಲ್ಲ. ನೀವು ಫೋನ್ ಇಡಲಿಲ್ಲ. ಅದನ್ನು ಓದಿದ ದಿನ ನಿಮ್ಮ ಮೇಲೆ ನನಗೆ ತುಂಬಾ ಅಕ್ಕರೆ ಬಂತು.

ಇನ್ನೊಂದು ಸಂಗತಿ ಇದೆ, ಹೇಳಿಕೊಳ್ಳಲು ನಾಚಿಕೆ. ಈ ಸಲದ ಮೊದಲ ಬೇಸಿಗೆಯಿಂದ ನನಗೆ ತಿಂದ ಅನ್ನ ರುಚಿಸುತ್ತಿಲ್ಲ. ಕದದ ಗಂಟೆ ಕೇಳಿದರೆ ಎದೆ ಧಸಕ್ಕೆನ್ನುತ್ತದೆ. ಮೊನ್ನೆ ನನ್ನ ಜತೆ ಕದ ಕಾಯುವ ಮುರಿಗೆಪ್ಪ ಮಂಡಕ್ಕಿ ತಟ್ಟೆಯನ್ನು ನನ್ನ ಕಡೆ ಸರಿಸಿ, “ಯಾಕಕ್ಕಾ, ಹಿಂಗಿದೀರಿ? ಊಟ ಆಯ್ತಾ?” ಎಂದ. ಸಾವಿರಾರು ಜನರ ಬಾಯಲ್ಲಿ ಕೇಳಿ ಒಳಗೊಳಗೇ ನಕ್ಕಿದ್ದ ನಾನೇ “ಏನಿಲ್ಲಪ್ಪಾ” ಎಂದುಬಿಟ್ಟೆ. ಕೆಲಸದ ನೆಪ ಹೇಳಿ ಬೀರುವಿನ ಕೋಣೆಗೆ ಬಂದು ನಿಮ್ಮ ರಿಜಿಸ್ಟರು ತೆರೆದು ಕೂತೆ. ಕೊಟ್ರೇಶಣ್ಣನಿಗೆ ಒಂಬತ್ತು ನಿಮಿಷ ಸಾಲದೇ ಹೋದದ್ದು ಯಾಕೆಂದು ಅವತ್ತು ಅರ್ಥವಾಯಿತು.

ಅದಕ್ಕೇ ಒಂದು ವಿನಂತಿ. ಇಪ್ಪತ್ತೇಳರ ಗುರುವಾರ ಹನ್ನೊಂದಕ್ಕೆ ಫೋನು ಬಂದರೆ ಮೊದಲು ಪೆನ್ನು ಕೆಳಗಿಡಿ. ತೊಂದರೆ ಏನೆಂದು ಕೇಳಬೇಡಿ, ಊಟ ಆಯ್ತಾ ಎಂದು ಕೇಳಿ. ಇಲ್ಲ ಎಂದರೆ ಯಾಕೆ ಎನ್ನಬೇಡಿ, ಎಷ್ಟು ದಿನದಿಂದ ಎನ್ನಿ. ಆಮೇಲೆ ನಿದ್ದೆಯ ವಿಷಯ ಕೇಳಿ ಸುಮ್ಮನಿರಿ, ಉಳಿದದ್ದು ಅವರೇ ಹೇಳುತ್ತಾರೆ. ಸಮಾಲೋಚಕರ ಬಳಿ ಮೊದಲು ಖಾಲಿ ಇರುವ ಹೊತ್ತನ್ನು ಅವರ ಹೆಸರಿಗೆ ಬರೆಯಿರಿ, ಭಟ್ಟಿಗೆ ಯಾವತ್ತು ರಜೆ ಎಂದೂ ಕೇಳಿಕೊಳ್ಳಿ. ಪಕ್ಕದ ಫೋನನ್ನು ಅಷ್ಟು ಹೊತ್ತು ಬೇರೆ ಯಾರಾದರೂ ಎತ್ತಲಿ.

ಈ ಕಾಗದವನ್ನು ಗೆದ್ದಲು ಬಿಟ್ಟ ಕೊನೆಯ ಪುಟದಲ್ಲಿ, ಆಗಸ್ಟ್ ಇಪ್ಪತ್ತರ ಸಾಲಿನ ಮೇಲೆ ಇಡುತ್ತೇನೆ. ನಿಮಗೆ ತಲುಪುತ್ತದೆ ಎಂಬ ಭ್ರಮೆ ನನಗೂ ಇಲ್ಲ. ನಾಳೆ ಗುರುವಾರ, ಬೀರು ಒರೆಸುವ ಸರದಿ ಮುರಿಗೆಪ್ಪನದು. ಒರೆಸುವುದು ಬಿಟ್ಟು ರಿಜಿಸ್ಟರು ಓದುತ್ತ ಕೂರುವ ಚಟ ಅವನಿಗೂ ಇದೆ, ಇದು ಅವನ ಕಣ್ಣಿಗೆ ಬಿದ್ದೇ ಬೀಳುತ್ತದೆ. ಅಷ್ಟು ಹಿಂದಿನವರಿಗೆ ಯಾಕಕ್ಕಾ ಕಾಗದ ಬರೆದಿರಿ ಎಂದು ಕೇಳಲು ಅವನು ಹೊರಗೆ ಬರುವ ಹೊತ್ತಿಗೆ ನಾನು ಕದದ ಬಳಿ ಇರುವುದಿಲ್ಲ. ಬಂದವರು ಕೂರುವ ಬೆಂಚಿನ ಮೇಲೆ, ತೊಡೆಯ ಮೇಲೆ ಒಂದು ಜೋಳದ ಚೀಲ ಇಟ್ಟುಕೊಂಡು ಕೂತಿರುತ್ತೇನೆ. ನಮ್ಮ ಮೊದಲ ನಿಯಮ ಅವನಿಗೆ ಚೆನ್ನಾಗಿ ಗೊತ್ತು.

ಏನಿಲ್ಲ ಮುರಿಗೆಪ್ಪ, ಸುಮ್ನೆ ಬರೆದೆ.

ಇಂತಿ,
ಚಂದ್ರಗೌರಿ