ಹತ್ತು ನಿಮಿಷದ ವಾಕ್ಯ

ಹದಿನಾಲ್ಕು, ಮಂಗಳವಾರ.

ಆ ಶಟರ್ ಇವತ್ತೂ ಬೆನ್ನು ಬಿಡಲಿಲ್ಲ. ಅವತ್ತು ತಮ್ಮ ಕುಸಿದನೆಂದು ಫೋನ್ ಬಂದಾಗ, ನನ್ನ ಹೊಲಿಗೆ ಅಂಗಡಿಯ ಶಟರ್ ಎಳೆಯಲು ಹೆಣಗಿ ಹತ್ತು ನಿಮಿಷ ಕಳೆದುಬಿಟ್ಟಿದ್ದೆ.

ಸಂಜೆ ಇಂಗ್ಲಿಷ್ ಕ್ಲಾಸಿನಲ್ಲಿ ಮೇಷ್ಟ್ರು ಹೊಸದೊಂದು ಹೇಳಿಕೊಟ್ಟರು. ನಾವು ‘ಇದ್ದಿದ್ದರೆ’, ‘ಇಲ್ಲದಿದ್ದರೆ’ ಎನ್ನುವ ಕಡೆ ಇಂಗ್ಲಿಷಿನವರು ಬರೀ ‘ವಿತ್’, ‘ವಿತೌಟ್’ ಇಟ್ಟು, ಮುಂದೆ ‘ವುಡ್ ಹ್ಯಾವ್’ ಸೇರಿಸಿ ಮುಗಿಸುತ್ತಾರಂತೆ. ಎಲ್ಲರೂ ಒಂದೊಂದು ವಾಕ್ಯ ಬರೆಯಬೇಕಿತ್ತು. ಈ ಕ್ಲಾಸಿಲ್ಲದಿದ್ದರೆ ಇಷ್ಟೊತ್ತಿಗೆ ಒಂದು ನಿದ್ದೆ ಮುಗಿಸಿರುತ್ತಿದ್ದೆ ಎಂದು ಬರೆದು ಡ್ರೈವರಣ್ಣ ನಗಿಸಿದ. ನನ್ನ ಕೈ ತಾನಾಗಿ ಬರೆಯಿತು: ಇನ್ನೂ ಹತ್ತು ನಿಮಿಷ ಸಿಕ್ಕಿದ್ದರೆ ತಮ್ಮ ಉಳಿಯುತ್ತಿದ್ದ.

“ಸರಿಯಾಗಿದೆ ಕಣಮ್ಮ” ಎಂದು ಮೇಷ್ಟ್ರು ಟಿಕ್ ಹಾಕಿದರು.

ಪಕ್ಕದಲ್ಲಿ ಕೂತ ನರ್ಸ್ ಹುಡುಗಿ ಪುಸ್ತಕ ಎಳೆದುಕೊಂಡಳು. ತಮ್ಮನನ್ನು ಆಸ್ಪತ್ರೆಗೆ ತಂದ ದಿನ ಅವಳದೇ ಡ್ಯೂಟಿ.

“ಎಲ್ಲಿ ಸರಿ ಅಕ್ಕಾ? ತಲೆಯೊಳಗೆ ನರ ಒಡೆದಿತ್ತು. ನಮ್ಮ ಆಸ್ಪತ್ರೆ ಬಾಗಿಲಲ್ಲೇ ಬಿದ್ದಿದ್ರೂ ಉಳೀತಿರ್ಲಿಲ್ಲ.”

“ಸಮಾಧಾನಕ್ಕೆ ಹೇಳ್ಬೇಡ.”

“ಸಮಾಧಾನ ಹೇಳೋಕೆ ನನಗೆ ಬರಲ್ಲ ಅಂತ ಇಡೀ ವಾರ್ಡಿಗೇ ಗೊತ್ತು.”

ಅವನಿಲ್ಲದ್ದು ಹಾಗೇ ಇದೆ. ಆದರೂ ಎಂಟು ತಿಂಗಳ ಮೇಲೆ ಇವತ್ತು ಹೊಟ್ಟೆ ತುಂಬ ಉಂಡೆ. ಪಾಪ, ಆ ಶಟರ್ ತುಕ್ಕು ಹಿಡಿದು ಕೂತಿದೆ. ನಾಳೆ ಅದಕ್ಕೆ ಎಣ್ಣೆ ಬಿಡಬೇಕು. ಕಣ್ಣು ಎಳೆಯುತ್ತಿದೆ…