ಅಕ್ಕ ಕೊಟ್ಟದ್ದು

ಮನೆ, ಮಾರ್ಚ್ 9, ಭಾನುವಾರ ಬೆಳಿಗ್ಗೆ
(ಇವಳು ಮಗಳನ್ನು ಈಜಿನ ಪಾಠಕ್ಕೆ ಕರೆದುಕೊಂಡು ಹೋಗಿದ್ದಾಳೆ. ಮನೆಯಲ್ಲಿ ನಾನೊಬ್ಬನೇ.)

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಕ್ರೇನಿನ ಗೂಡಿನಲ್ಲಿ ಕೂತು ಕೂತು ಸೊಂಟ ಹಿಡಿದುಕೊಂಡಿದೆ ಎಂದಿದ್ದೆ, ಈಗ ಕಡಿಮೆಯಾಯಿತೇ? ಬಂದರಿನ ಗಾಳಿ ಅಷ್ಟು ಎತ್ತರದಲ್ಲಿ ಇನ್ನೂ ಜೋರಾಗಿರುತ್ತದೆ, ಕಿವಿಗೆ ಬಟ್ಟೆ ಸುತ್ತಿಕೋ. ವರ್ಷಕ್ಕೊಮ್ಮೆ ರಕ್ತ ಪರೀಕ್ಷೆ ಮಾಡಿಸಬೇಕಾದವಳು ನೀನೂ ಹೌದು. ನನ್ನದನ್ನು ವಿಚಾರಿಸಿ ನಿನ್ನದನ್ನು ಹಾರಿಸಬೇಡ. ಫೋನಿನಲ್ಲೇ ಮಾತಾಡಬಹುದಿತ್ತು. ಆದರೆ ನಾನು ವಿಷಯಕ್ಕೆ ಬರುವಷ್ಟರಲ್ಲಿ ನೀನು "ಸರಿ ಕಣೋ, ಇಡ್ತೀನಿ" ಎಂದುಬಿಡುತ್ತೀಯ. ಕಾಗದಕ್ಕಾದರೆ ಅಡ್ಡಬಾಯಿ ಹಾಕುವಂತಿಲ್ಲ.

ನಾವೆಲ್ಲ ಚೆನ್ನಾಗಿದ್ದೇವೆ. ನಿನ್ನ ಕಿಡ್ನಿ ನನ್ನೊಳಗೆ ಸೇರಿ ಈ ತಿಂಗಳಿಗೆ ಆರು ವರ್ಷ. ಮಗಳು ಅದನ್ನು ಅತ್ತೆ ಎಂದೇ ಕರೆಯುತ್ತಾಳೆ. ಶಾಲೆಗೆ ಹೊರಡುವಾಗ ಬಾಗಿಲಲ್ಲಿ ನಿಂತು "ಅಪ್ಪ, ಅತ್ತೆಗೆ ನೀರು ಕೊಟ್ಯಾ?" ಎಂದು ಕೇಳದೆ ಮೆಟ್ಟಿಲಿಳಿಯುವುದಿಲ್ಲ. ಲಾಂಡ್ರಿಯಲ್ಲಿ ನನ್ನನ್ನು ಈಗ ದೊಡ್ಡ ಇಸ್ತ್ರಿ ಯಂತ್ರಕ್ಕೆ ಹಾಕಿದ್ದಾರೆ. ಹೋಟೆಲುಗಳ ಹಾಸಿಗೆ ಬಟ್ಟೆ ಒದ್ದೆಯಾಗಿ ಒಳಗೆ ಹೋಗಿ ಆ ಕಡೆಯಿಂದ ಹಪ್ಪಳದ ಹಾಗೆ ಹೊರಬರುತ್ತದೆ. ಆ ಸೆಕೆಗೆ ನಾನು ಗಳಿಗೆಗೊಮ್ಮೆ ಬಾಟಲಿ ಎತ್ತುವುದನ್ನು ನೋಡಿ, ಬಟ್ಟೆಯ ಇನ್ನೊಂದು ತುದಿ ಹಿಡಿಯುವವನು "ಏನ್ ಗುರುವೇ, ಒಳಗೆ ಒಂಟೆ ಸಾಕಿದ್ಯಾ?" ಎಂದು ರೇಗಿಸುತ್ತಾನೆ. ಪ್ಯಾಂಟು ಹಾಕಿಕೊಳ್ಳುವಾಗ ಬಲಗಡೆ ಕಿಬ್ಬೊಟ್ಟೆಯಲ್ಲಿ ಅದು ಕೈಗೆ ಸಿಗುತ್ತದೆ. ದಿನಾ ಒಂದು ಸಲ ಅಲ್ಲಿ ಕೈಯಿಟ್ಟೇ ಕೆಲಸಕ್ಕೆ ಹೊರಡುತ್ತೇನೆ. ಎದುರಿಗಿದ್ದಾಗ ನಿನಗೆ ಇದನ್ನು ಹೇಳಲು ನಾಚಿಕೆಯಾಗುತ್ತದೆ.

ಈಗ ವಿಷಯ. ಹೋದ ವಾರ ತಪಾಸಣೆಗೆ ಹೋದಾಗ, ಸತ್ತ ಮೇಲೆ ಅಂಗಾಂಗ ಕೊಡುವವರು ಹೆಸರು ಬರೆಸಬಹುದೆಂಬ ಫಲಕ ಗೋಡೆಯ ಮೇಲೆ ಕಂಡಿತು. ತಮಾಷೆಗೆಂಬಂತೆ ಡಾಕ್ಟರಮ್ಮನನ್ನು ಕೇಳಿದೆ: "ನನ್ನಂಥ ರಿಪೇರಿ ಗಿರಾಕಿಯಿಂದ ಏನು ಸಿಗುತ್ತೆ, ಹೇಳಿ." ಅವರು ತಲೆಯೆತ್ತದೆ, "ಅದನ್ನ ಆವಾಗ ನೋಡೋರು ನೋಡ್ಕೋತಾರೆ. ಕೊಡ್ತೀನಿ ಅನ್ನೋದಷ್ಟೇ ನಿಮ್ಮ ಕೆಲಸ" ಎಂದರು. ಅಪರೂಪಕ್ಕೆ, ಒಬ್ಬರಿಗೆ ಹಾಕಿದ ಕಿಡ್ನಿಯೇ ಅವರ ನಂತರ ಇನ್ನೊಬ್ಬರಿಗೆ ಹೋದದ್ದೂ ಉಂಟಂತೆ. ಆ ಮಾತು ನನ್ನ ತಲೆ ಕೊರೆಯತೊಡಗಿತು. ಮನೆಗೆ ಬಂದು ಹೇಳಿದರೆ ಇವಳು ಪಾತ್ರೆ ತೊಳೆಯುವುದನ್ನು ನಿಲ್ಲಿಸಿ, "ಕಣ್ಣು ಕೊಡಿ, ಚರ್ಮ ಕೊಡಿ, ನಂದೇನೂ ತಕರಾರಿಲ್ಲ. ಅದನ್ನ ಕೊಡೋಕೆ ನೀವ್ಯಾರು? ಅಕ್ಕನ್ನ ಕೇಳಿದ್ರಾ?" ಎಂದಳು. ಅವಳ ಮಾತು ನ್ಯಾಯವೆಂದೇ ಕಂಡಿತು. ನಿನ್ನ ಅನುಮತಿ ಕೇಳಬೇಕೆಂದೇ ಇವತ್ತು ಪೆನ್ನು ಹಿಡಿದೆ.

ಹಿಡಿದ ಮೇಲೆ ನಿನ್ನ ನೀಲಿ ಸೈಕಲ್ಲು ನೆನಪಾಯಿತು. ನೀನು ಅದನ್ನು ನನಗೆ ಕೊಟ್ಟಿದ್ದೆ. ನಾನು ಬೆಳೆದು ಮಂಡಿ ಹ್ಯಾಂಡಲ್ಲಿಗೆ ಬಡಿಯತೊಡಗಿದಾಗ ನಾನದನ್ನು ಕೆಳಮನೆಯ ಹುಡುಗಿಗೆ ಕೊಟ್ಟೆ. ಅಕ್ಕ ಚರ್ಮ ಸುಲಿಯುತ್ತಾಳೆ ನೋಡು ಎಂದು ಅಮ್ಮ ಹೆದರಿಸಿದ್ದಳು. ನೀನು ಕಿಟಕಿಯಿಂದ ಆ ಹುಡುಗಿಯನ್ನು ನೋಡಿ ಕೇಳಿದ್ದು ಒಂದೇ: "ಮುಂದಿನ ಬ್ರೇಕ್ ಹಿಡಿಯಲ್ಲ ಅಂತ ಅವಳಿಗೆ ಹೇಳಿದ್ಯೇನೋ?" ಆಪರೇಷನ್ನಿಗೆ ಮುಂಚೆಯೂ ಹಾಗೆಯೇ. ಆಸ್ಪತ್ರೆಯವರು ನಿನ್ನೊಬ್ಬಳನ್ನೇ ಕೂರಿಸಿಕೊಂಡು, ನಿಮ್ಮ ತಮ್ಮ ಇದನ್ನು ಹಾಳುಮಾಡಿಕೊಂಡರೆ ಏನು ಮಾಡುತ್ತೀರಿ ಎಂದಾಗ, "ಕೊಟ್ಮೇಲೆ ಅವನದು, ನಂಗೇನು" ಎಂದೆಯಂತೆ. ನೀನೇ ನಗುತ್ತಾ ಹೇಳಿದ್ದೆ. ಆಗ ನನಗೆ ತುಸು ಬೇಜಾರಾಗಿತ್ತು. ಅಷ್ಟು ಸಲೀಸಾಗಿ ಹೇಳುವುದೇ ಎಂದು. ಆರು ವರ್ಷ ನಾನದನ್ನು ಎರವಲು ತಂದ ಪಾತ್ರೆಯ ಹಾಗೆ, ಎಲ್ಲಿ ನೆಗ್ಗಿಹೋಗುವುದೋ ಎಂದು ಹೆದರಿ ಕಾಪಾಡಿಕೊಂಡು ಬಂದೆ. ಈಗ ನಿನ್ನನ್ನು ಕೇಳಲು ಕೂತರೆ, ನೀನು ಪೂರ್ತಿ ಕೊಟ್ಟದ್ದರಲ್ಲಿ ಅರ್ಧವನ್ನು ನಾನು ನಿನ್ನ ಮನೆಬಾಗಿಲಿಗೆ ವಾಪಸು ತಂದಿಟ್ಟಂತಾಗುತ್ತದೆ. ಹಾಗಾಗಿ ಅನುಮತಿ ಕೇಳುವುದಿಲ್ಲ, ಅಕ್ಕಾ. ತಿಳಿಸುತ್ತಿದ್ದೇನೆ, ಅಷ್ಟೇ. ನೀನು ಬೈದರೂ ಅದು ಪ್ರೀತಿಯ ಬೈಗುಳವೆಂದು ನನಗೆ ಗೊತ್ತಿರುತ್ತದೆ.

ಭಾವನಿಗೆ ನಮ್ಮೆಲ್ಲರ ನೆನಪು ಹೇಳು. ಮೊಣಕಾಲು ನೋವೆಂದಿದ್ದರು, ಮೆಟ್ಟಿಲು ಹತ್ತಲು ಬಿಡಬೇಡ. ರಜೆ ಸಿಕ್ಕರೆ ಇಬ್ಬರೂ ಬನ್ನಿ. ಮುಂದಿನ ಕೋಣೆಯನ್ನು ನಿಮಗೆ ಬಿಟ್ಟುಕೊಟ್ಟು ನಾವು ನಡುಮನೆಯಲ್ಲಿ ಮಲಗುತ್ತೇವೆ.

ನಿನ್ನಿಂದಾಗಿ ಇಲ್ಲಿ ಕೂತು ಬರೆಯುತ್ತಿರುವ,
ತಮ್ಮ

ತಾ.ಕ.: ಮುಖ್ಯವಾದದ್ದೇ ಬಿಟ್ಟುಹೋಗಿತ್ತು. ಹೆಸರು ಬರೆಸಿದ್ದರೂ ಆ ಹೊತ್ತು ಬಂದಾಗ ಮನೆಯವರನ್ನು ಮತ್ತೆ ಕೇಳುತ್ತಾರಂತೆ. ಇವಳಿಗೆ ಆಗ ಬಾಯಿ ಬರಲಿಕ್ಕಿಲ್ಲ, ಮಗಳು ಇನ್ನೂ ಚಿಕ್ಕವಳು. ನಾನು ನಿನಗಿಂತ ಮುಂಚೆ ಹೊರಟರೆ, ನೀನು ಬಂದು ಇವಳ ಪಕ್ಕದಲ್ಲಿ ಕೂತು, ಹೂಂ ಅನ್ನಮ್ಮ ಎಂದು ಹೇಳಬೇಕು. ನಿನ್ನಲ್ಲಿ ಕೇಳಿಕೊಳ್ಳುತ್ತಿರುವುದು ಇದೊಂದೇ. ಗುರುವಾರ ನನಗೆ ರಜೆ. ಅವತ್ತು ಹೋಗಿ ಹೆಸರು ಬರೆಸುತ್ತೇನೆ, ಕಿಡ್ನಿಯನ್ನೂ ಸೇರಿಸಿ. ಇವಳಿಗೆ ಇನ್ನೂ ಹೇಳಿಲ್ಲ. ಇವತ್ತು ಊಟವಾದ ಮೇಲೆ ಹೇಳುತ್ತೇನೆ.