ಬೊಟ್ಟಿಲ್ಲದ ಬೀದಿ

ನವೆಂಬರ್ 18, ಮಂಗಳವಾರ

ಗಾಜು ಒಡೆದ ಸದ್ದು ಇನ್ನೂ ಕಿವಿಯಲ್ಲೇ ಇದೆ. ಹೊಳವನಹಳ್ಳಿಯ ಕೆಳಗಿನ ಬೀದಿಯಲ್ಲಿ ಇವತ್ತು ಜನ ಜಲ್ಲಿ ಲಾರಿಯ ಡ್ರೈವರನನ್ನು ಎಳೆದು ಹಾಕಿ ಹಲ್ಲು ಉದುರುವಂತೆ ಹೊಡೆದರು. ಅವನ ಲಾರಿ ಅದೇ ಬೀದಿಯ ಗಂಗಹನುಮಕ್ಕನ ಮೊಮ್ಮಗಳ ಕಾಲಿನ ಮೇಲೆ ಹರಿದಿತ್ತು. ಬಿಡಿಸಲು ಹೋದ ನನಗೂ ನಾಲ್ಕು ಬಿದ್ದವು. ಸಾಲದು. ಅವನಿಗೆ ಬಿದ್ದ ಏಟೆಲ್ಲ ನನ್ನವು.

ಲಾರಿಗಳಿಗೆ ಆ ದಾರಿ ಗೊತ್ತು ಮಾಡಿದ ಇಂಜಿನಿಯರ್ ನಾನೇ. ಹೋದ ತಿಂಗಳ ಸಭೆಯಲ್ಲಿ ಊರಿನ ನಕ್ಷೆ ಹರಡಿ, ಒಂದು ಪ್ಯಾಕೆಟ್ ಸ್ಟಿಕ್ಕರ್ ಬೊಟ್ಟು ಕೊಟ್ಟು, ಲಾರಿ ಬೇಡ ಅನ್ನುವ ಕಡೆ ಅಂಟಿಸಿ ಎಂದಿದ್ದೆ. ಬಂದವರೆಲ್ಲ ಅವರವರ ಮನೆ ಮುಂದೆ ಅಂಟಿಸಿದರು. ಕೆಳಗಿನ ಬೀದಿಯವರು ಕಡಲೆಕಾಯಿ ಕೀಳಲು ಕೂಲಿಗೆ ಹೋಗಿದ್ದರು. ಬೆಳಿಗ್ಗೆ ಹನ್ನೊಂದಕ್ಕೆ ಸಭೆ ಇಟ್ಟ ಮುಠ್ಠಾಳನೂ ನಾನೇ. ಆ ಬೀದಿಗೆ ಒಂದು ಬೊಟ್ಟೂ ಬೀಳಲಿಲ್ಲ. ‘ನಿವಾಸಿಗಳ ಆಕ್ಷೇಪಣೆ ಇಲ್ಲ’ ಎಂದು ಬರೆದು ಸಹಿ ಹಾಕಿದೆ.

ಗಂಗಹನುಮಕ್ಕ ಲಾರಿಯ ಗಾಜನ್ನು ಬರಿಗೈಯಲ್ಲೇ ಗುದ್ದಿ ಒಡೆದಳು. ರಕ್ತ ಸುರಿಯುತ್ತಿದ್ದ ಕೈಯಲ್ಲೇ ಲಾರಿ ದಾರಿ ನೋಡಲು ನಾನು ಕಂಕುಳಲ್ಲಿ ತಂದಿದ್ದ ಅದೇ ನಕ್ಷೆ ಕಿತ್ತುಕೊಂಡು ನೆಲದ ಮೇಲೆ ಬಿಚ್ಚಿದಳು.

“ನಮ್ ಬೀದಿ ಯಾವ್ದ್ಲಾ ಇದ್ರಾಗೆ? ತೋರ್ಸು!”

ಬೆರಳಿಟ್ಟು ತೋರಿಸಿದೆ. ಇಲ್ಲಿ ಬೊಟ್ಟಿಲ್ಲ, ಅದಕ್ಕೇ ಲಾರಿ ಬಿಟ್ಟೆ ಎಂದೆ.

“ಬೊಟ್ಟು ಇಕ್ಬೇಕಿತ್ತಾ? ತಗಾ, ಇಕ್ಕಿವ್ನಿ” ಎಂದು ಅಲ್ಲಿ ಹೆಬ್ಬೆಟ್ಟು ಒತ್ತಿದಳು.

ಮಗು ತುಮಕೂರಿನ ಆಸ್ಪತ್ರೆಯಲ್ಲಿದೆ. ಕಾಲು ಉಳಿಯುವುದಿಲ್ಲವಂತೆ.

ನಕ್ಷೆ ಹಾಳಾಗಿದೆಯಲ್ಲ, ಬೇರೆ ಪ್ರಿಂಟ್ ತೆಗೆಸಿ ಎಂದರು ನಮ್ಮ ಆಫೀಸಿನ ಸಾಹೇಬರು ಫೋನಿನಲ್ಲಿ. ತೆಗೆಸುವುದಿಲ್ಲ. ನಾಳೆ ಅವರ ಮೇಜಿನ ಮೇಲೆ ಇದನ್ನೇ ಹರಡುತ್ತೇನೆ. ಆ ಬೀದಿ ಯಾವುದೆಂದು ಇನ್ನು ಯಾರಿಗೂ ಬೆರಳಿಟ್ಟು ತೋರಿಸಬೇಕಾಗಿಲ್ಲ.